ವೀರವನಿತೆಯ ಉಡುಗೆ: ಚಿತ್ರಕಥೆಯ ವಿವಾದವೂ ಕನ್ನಡದ ಸಾಕ್ಷ್ಯವೂ

ಚಿತ್ರಕಥೆಗಳಲ್ಲಿ ಬರುವ ಅತಿಮಾನುಷ ವೀರವನಿತೆಯರಿಗೆ ಎಂತಹ ಉಡುಗೆಯನ್ನು ತೊಡಿಸಬೇಕೆಂಬ ವಿಚಾರವು ಸಂಶೋಧನ ಪತ್ರಿಕೆಯ ಚರ್ಚೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಮಕ್ಕಳಲ್ಲಿ ಬಹುಮಂದಿ ಓಬವ್ವನನ್ನೂ ಚೆನ್ನಮ್ಮನನ್ನೂ ಮೊದಲು ಕಾಣುವುದು ಗ್ರಂಥದಲ್ಲಲ್ಲ, ಚಿತ್ರದಲ್ಲಿ. ಮೊದಲು ಕಂಡ ಆ ರೂಪವು ಮುಂದೆ ಕಾವ್ಯವನ್ನೂ ಚರಿತ್ರೆಯನ್ನೂ ಓದುವಾಗ ಮನಸ್ಸಿನಿಂದ ಮರೆಯಾಗದು. ಆದುದರಿಂದ ಈ ವಿವಾದದ ಇತಿಹಾಸವನ್ನು ಸಂಗ್ರಹವಾಗಿ ತಿಳಿಸಿ, ಇದರ ಮೇಲೆ ಕನ್ನಡ ನಾಡಿನ ಸಾಕ್ಷ್ಯವು ಯಾವ ಬೆಳಕನ್ನು ಬೀರುವುದೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ವಿವಾದವು ಮೊದಲಾದುದು ಅಮೆರಿಕಾ ದೇಶದಲ್ಲಿ. ೧೯೪೧ರಲ್ಲಿ ಮನಶ್ಶಾಸ್ತ್ರಜ್ಞನಾದ ವಿಲಿಯಂ ಮೋಲ್ಟನ್ ಮಾರ್ಸ್ಟನ್ ಎಂಬಾತನು 'ವಂಡರ್ ವುಮನ್' ಎಂಬ ಪಾತ್ರವನ್ನು ಕಲ್ಪಿಸಿದನು, ಎಚ್. ಜಿ. ಪೀಟರ್ ಎಂಬ ಚಿತ್ರಕಾರನು ಅವಳಿಗೆ ರೂಪವನ್ನು ಕೊಟ್ಟನು. ೧೯೫೪ರಲ್ಲಿ ಪ್ರಕಾಶಕರು ತಾವೇ ಏರ್ಪಡಿಸಿಕೊಂಡ ನಿಯಮಾವಳಿಯು, ಸ್ತ್ರೀಯರ ಅಂಗಾಂಗಗಳನ್ನು ಉತ್ಪ್ರೇಕ್ಷಿಸದೆ ಚಿತ್ರಿಸಬೇಕೆಂದೂ, ಪಾತ್ರಗಳ ಉಡುಪು ಸಮಾಜಕ್ಕೆ ಒಪ್ಪುವಂತಿರಬೇಕೆಂದೂ ವಿಧಿಸಿತು. ೧೯೬೮ರಲ್ಲಿ ವಂಡರ್ ವುಮನ್ನಳ ದಿವ್ಯಶಕ್ತಿಯನ್ನೂ ಉಡುಪನ್ನೂ ಒಟ್ಟಿಗೆ ಕಳೆದು, ಅವಳಿಗೆ ಸಾಮಾನ್ಯ ಸ್ತ್ರೀಯರ ಹೊಸ ಮಾದರಿಯ ಬಟ್ಟೆಗಳನ್ನು ತೊಡಿಸಿದರು. ೧೯೭೨ರಲ್ಲಿ ಗ್ಲೋರಿಯಾ ಸ್ಟೈನೆಮ್ ಮೊದಲಾದ ಸ್ತ್ರೀಸ್ವಾತಂತ್ರ್ಯವಾದಿಗಳು ತಮ್ಮ 'ಮಿಸ್' ಪತ್ರಿಕೆಯ ಮುಖಪುಟದಲ್ಲಿ ಹಳೆಯ ಉಡುಪಿನ ವಂಡರ್ ವುಮನ್ನಳನ್ನೇ ಮುದ್ರಿಸಿದರು. ಮರುವರ್ಷವೇ ಅವಳಿಗೆ ಶಕ್ತಿಯೂ ಉಡುಪೂ ಮರಳಿ ಬಂದುವು. ೨೦೧೦ರಲ್ಲಿ ಅವಳಿಗೆ ಉದ್ದನೆಯ ಷರಾಯಿಯನ್ನು ತೊಡಿಸಿದಾಗ ಮತ್ತೆ ವಾದವೆದ್ದಿತು. ೨೦೧೬ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯು ಅವಳನ್ನು ಸ್ತ್ರೀಯರ ಸಬಲತೆಯ ಗೌರವ ರಾಯಭಾರಿಯೆಂದು ಸಾರಲು, ಸಂಸ್ಥೆಯ ನೌಕರರಲ್ಲಿಯೇ ಅನೇಕರು ಆ ಉಡುಪನ್ನು ಆಕ್ಷೇಪಿಸಿದರು. ಡಿಸೆಂಬರಿನಲ್ಲಿ ಆ ಪದವಿಯು ಮುಗಿಯಿತು.

ಇಲ್ಲಿ ಗಮನಿಸತಕ್ಕುದೊಂದುಂಟು. ೧೯೭೨ರಲ್ಲಿ ಸ್ವಾತಂತ್ರ್ಯದ ಚಿಹ್ನೆಯಾಗಿ ಕಂಡ ಉಡುಪೇ ೨೦೧೬ರಲ್ಲಿ ಅವಮಾನವಾಗಿ ಕಂಡಿತು. ಆದುದರಿಂದ ಬಟ್ಟೆಯ ಅಳತೆಯೊಂದರಿಂದಲೇ ಈ ವ್ಯಾಜ್ಯವು ತೀರತಕ್ಕುದಲ್ಲ.

ಬೆಂಗಳೂರಿಗೆ ಈ ವಿಷಯವು ಹೊರಗಿನದಲ್ಲ. 'ಅಮರ ಚಿತ್ರ ಕಥೆ'ಯ ಮೊದಲ ಹತ್ತು ಪುಸ್ತಕಗಳು ೧೯೬೫ರಲ್ಲಿ ಈ ನಗರದಲ್ಲಿ, ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ, ಕನ್ನಡದಲ್ಲಿಯೇ ಹೊರಬಂದುವು. ಅವು ಪಾಶ್ಚಾತ್ಯ ಕಥೆಗಳಾಗಿದ್ದುವು. ಇಂಗ್ಲಿಷಿನ ಮಾಲೆಯು ಹನ್ನೊಂದನೆಯ ಸಂಖ್ಯೆಯಿಂದ ಮೊದಲಾಗುವುದಕ್ಕೆ ಇದೇ ಕಾರಣ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳ ಸಂಪಾದಕತ್ವದಲ್ಲಿ ಆ ಮಾಲೆಯು ಪುರಾಣ ಚರಿತ್ರೆಗಳ ವೀರವನಿತೆಯರನ್ನು ಮನೆಮನೆಗೆ ತಂದಿತು. ನಂದಿನಿ ಚಂದ್ರ (೨೦೦೮), ಕಾರ್ಲೀನ್ ಮೆಕ್ಲೇನ್ (೨೦೦೯) ಇವರು ಅದರ ವಿಷಯವಾಗಿ ವಿಸ್ತಾರವಾದ ಗ್ರಂಥಗಳನ್ನೇ ಬರೆದಿರುವರು. ೨೦೦೬ರಲ್ಲಿ ವರ್ಜಿನ್ ಕಾಮಿಕ್ಸ್ ಎಂಬ ಸಂಸ್ಥೆಯು ಬೆಂಗಳೂರಿನಲ್ಲಿ ಚಿತ್ರಶಾಲೆಯನ್ನಿಟ್ಟು, ಶೇಖರ್ ಕಪೂರರ ಕಲ್ಪನೆಯ 'ದೇವಿ' ಎಂಬ ಅತಿಮಾನುಷ ನಾಯಿಕೆಯ ಕಥೆಯನ್ನು ಪ್ರಕಟಿಸಿತು. ಹೀಗೆ ರಾಣಿಯ ಚಿತ್ರವೂ ಪಾಶ್ಚಾತ್ಯ ಮಾದರಿಯ ವೀರವನಿತೆಯ ಚಿತ್ರವೂ ನಮ್ಮ ಓದುಗರ ಮುಂದಿರುವುವು.

ಈ ಚಿತ್ರಗಳನ್ನು ಕುರಿತು ಎರಡು ವಾದಗಳು ಕೇಳಬರುವುವು. ಮೈಮುಚ್ಚುವ ಸೀರೆ ಕುಪ್ಪಸಗಳೇ ನಮ್ಮ ಸಂಪ್ರದಾಯವು, ಉಳಿದುದು ಪರಕೀಯವು ಎಂಬುದು ಒಂದು. ನಮ್ಮ ಶಿಲ್ಪದಲ್ಲಿಯೇ ಸ್ತ್ರೀಯರ ಮೈ ತೆರೆದಿರುವಾಗ ಇಂದು ಸಂಕೋಚವೇಕೆ ಎಂಬುದು ಮತ್ತೊಂದು. ಇವೆರಡನ್ನೂ ಸಾಕ್ಷ್ಯದ ಮುಂದಿಟ್ಟು ನೋಡಬೇಕು.

ಮೊದಲು ಭಾಷೆಯ ಸಾಕ್ಷ್ಯ. ವೀರಕಾರ್ಯಕ್ಕೆ ಹೊರಡುವವರ ಉಡುಗೆಗೆ ಕನ್ನಡವು ಇಟ್ಟ ಹೆಸರು ಕಾಸೆ, ಕಚ್ಚೆ. ವೀರ ಶಬ್ದದ ಮುಂದೆ ಕಾಸೆಯು ಬರಲು ಕಕಾರಕ್ಕೆ ಗಕಾರವು ಆದೇಶವಾಗಿ 'ವೀರಗಾಸೆ'ಯಾಯಿತು. ಇದೇ ರೀತಿ 'ವೀರಗಚ್ಚೆ', 'ಗಂಡುಗಚ್ಚೆ'. ವೀರಭದ್ರನ ಭಕ್ತರ ಕುಣಿತಕ್ಕೆ ಉಡುಗೆಯ ಹೆಸರೇ ಹೆಸರಾಗಿ ನಿಂತಿದೆ. ಟೊಂಕ ಕಟ್ಟು, ನಡು ಕಟ್ಟು, ಸೆರಗು ಬಿಗಿ ಎಂಬ ನುಡಿಗಟ್ಟುಗಳೆಲ್ಲವೂ ಕಾರ್ಯಸಿದ್ಧತೆಯನ್ನು ಹೇಳುವುವು. ಇವುಗಳಲ್ಲಿ ಯಾವುದೂ ಮೈ ಎಷ್ಟು ಮುಚ್ಚಿತೆಂಬುದನ್ನು ಹೇಳದು. ಬಟ್ಟೆಯು ಹೇಗೆ ಬಿಗಿಯಾಯಿತು, ಕೈಕಾಲುಗಳಿಗೆ ಹೇಗೆ ಎಡೆಯಾಯಿತು ಎಂಬುದನ್ನು ಹೇಳುವುದು. ಕಿತ್ತೂರಿನ ಸೀಮೆಯಲ್ಲಿ ಹೊಲಗೆಲಸದ ಹೆಂಗಸರು ಕಚ್ಚೆಹಾಕಿ ಸೀರೆಯುಡುವ ವಾಡಿಕೆಯನ್ನು ಬಲ್ಲವರಿಗೆ ಈ ಮಾತಿನ ಅರ್ಥವು ಸುಲಭವಾಗಿ ತಿಳಿಯುವುದು.

ಎರಡನೆಯದು ರಂಗಭೂಮಿಯ ಸಾಕ್ಷ್ಯ. ಯಕ್ಷಗಾನದಲ್ಲಿ ಸ್ತ್ರೀಪಾತ್ರಗಳೆಲ್ಲಕ್ಕೂ ಒಂದೇ ವೇಷವಿಲ್ಲ. ಪ್ರಮೀಳೆ, ಶಶಿಪ್ರಭೆ, ಮೀನಾಕ್ಷಿ ಮೊದಲಾದ ಯುದ್ಧ ಮಾಡುವ ನಾಯಿಕೆಯರಿಗೆ 'ಕಸೆ ಸ್ತ್ರೀವೇಷ'ವೆಂಬ ಬೇರೊಂದು ಬಗೆಯುಂಟು. ಗರತಿಯ ವೇಷ ಅದಲ್ಲ, ರಕ್ಕಸಿಯ ವೇಷವೂ ಅದಲ್ಲ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಪಾಠಹೇಳುವ ಉಪಾಧ್ಯಾಯರು ಅರ್ಜುನನನ್ನೆದುರಿಸಿದ ಪ್ರಮೀಳೆಯ ಪ್ರಸಂಗವನ್ನು ಬಲ್ಲರಷ್ಟೆ. ಆ ಪ್ರಮೀಳೆಯು ರಂಗಕ್ಕೆ ಬಂದೊಡನೆ, ಇವಳು ಕಾದುವವಳು ಎಂಬುದನ್ನು ಪ್ರೇಕ್ಷಕರು ವೇಷದಿಂದಲೇ ತಿಳಿಯುವರು. ಪಾತ್ರದ ಸ್ವಭಾವಕ್ಕೂ ಕಾರ್ಯಕ್ಕೂ ತಕ್ಕಂತೆ ವೇಷವೆಂಬ ನಿಯಮವು ಇಲ್ಲಿ ಸ್ಪಷ್ಟವಾಗಿರುವುದು.

ಮೂರನೆಯದು ಶಿಲ್ಪದ ಸಾಕ್ಷ್ಯ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವನ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯೂ ಇರುವಳು. ಕೋತಿಯು ಸೀರೆಯನ್ನೆಳೆಯುತ್ತಿರಲು ಅದನ್ನು ತಡೆಯುವ ತರುಣಿಯೂ ಇರುವಳು. ಇವರ ಮೈಮೇಲೆ ವಸ್ತ್ರವು ಕಡಮೆ, ಆಭರಣವು ಹೆಚ್ಚು. ಇದರಿಂದ ಮೊದಲನೆಯ ವಾದವು ಬಿದ್ದುಹೋಗುವುದು. ಇಂದು ಸಂಪ್ರದಾಯವೆಂದು ತೋರುವ ದೇವಿಯರ ಸೀರೆಯುಟ್ಟ ರೂಪಕ್ಕೆ ಬಹುಮಟ್ಟಿಗೆ ರವಿವರ್ಮನ ಚಿತ್ರಗಳೂ ಅವುಗಳ ಅಚ್ಚಿನ ಪ್ರತಿಗಳೂ ಕಾರಣವಾದುವು. ಆತನು ಮೈಸೂರರಮನೆಗಾಗಿಯೂ ಚಿತ್ರಗಳನ್ನು ಬರೆದನಷ್ಟೆ. ಆದರೆ ಶಿಲ್ಪವು ಎರಡನೆಯ ವಾದವನ್ನೂ ಪೂರ್ತಿಯಾಗಿ ಎತ್ತಿಹಿಡಿಯದು. ಬೇಟೆಗಾತಿಯಲ್ಲಿ ನೋಡುವವನ ಕಣ್ಣು ಬಿಲ್ಲನ್ನೂ ಗುರಿಯನ್ನೂ ಹಿಂಬಾಲಿಸುವುದು. ಕೋತಿಯ ಕಾಟಕ್ಕೆ ಸಿಕ್ಕಿದವಳಲ್ಲಿ ಜಾರುವ ವಸ್ತ್ರವೇ ವಿಷಯವು. ಒಂದೇ ಗುಡಿಯ ಶಿಲ್ಪದಲ್ಲಿಯೇ ಈ ಭೇದವು ಕಾಣುತ್ತಿರಲು, ಮೈ ತೆರೆದ ರೂಪಗಳೆಲ್ಲವೂ ಒಂದೇ ಎಂದು ಸಾಧಿಸುವುದು ಸರಿಯಲ್ಲ. ಆಧುನಿಕ ಚಿತ್ರಕಥೆಗಾರನು ಹೋರಾಡುವವಳ ಮೈಯನ್ನು ಲೀಲಾವತಿಯ ಭಂಗಿಗೆ ತಿರುಚಿದಾಗ ತಪ್ಪುವುದು ಈ ಔಚಿತ್ಯವೇ.

ಈ ಮಾತಿಗೆ ಎರಡು ಆಕ್ಷೇಪಗಳು ಸಹಜವಾಗಿಯೇ ಬರುವುವು, ಅವನ್ನು ಮರೆಮಾಚತಕ್ಕುದಲ್ಲ. ಮೊದಲನೆಯದಾಗಿ, ಕಸೆ ಸ್ತ್ರೀವೇಷವನ್ನು ಬಹುಕಾಲ ಕಟ್ಟಿದವರು ಗಂಡಸರು; ಮದನಿಕೆಯರನ್ನು ಕಡೆದವರೂ ರೂವಾರಿಗಳೇ. ಆದುದರಿಂದ ಈ ಸಾಕ್ಷ್ಯವೆಲ್ಲವೂ ಗಂಡಸರ ಕಣ್ಣಿನದೇ ಎನ್ನಬಹುದು. ಎರಡನೆಯದಾಗಿ, 'ಗಂಡುಗಚ್ಚೆ' ಎಂಬ ಮಾತಿನಲ್ಲಿಯೇ ವೀರತ್ವವು ಗಂಡಿನ ಸೊತ್ತು, ಹೆಣ್ಣು ಅದನ್ನು ಎರವಲು ಪಡೆದಳು ಎಂಬ ಭಾವವು ಅಡಗಿದೆ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ೧೯೫೮ರಲ್ಲಿ ಆರ್. ನಾಗರತ್ನಮ್ಮನವರು 'ಸ್ತ್ರೀ ನಾಟಕ ಮಂಡಳಿ'ಯನ್ನು ಕಟ್ಟಿ, ಕಂಸ, ಭೀಮ, ದುರ್ಯೋಧನರ ಪಾತ್ರಗಳನ್ನು ತಾವೇ ವಹಿಸಿದಾಗ, ವೀರವೇಷವು ಹೆಂಗಸಿನ ಮೈಗೆ ಎರವಲಾಗಿ ಕಾಣಲಿಲ್ಲವೆಂಬುದಕ್ಕೆ ಅವರು ಗಳಿಸಿದ ಕೀರ್ತಿಯೇ ಸಾಕ್ಷಿ.

ಇನ್ನು ಶಾಸನದ ಮಾತು. ೧೧ನೆಯ ಶತಮಾನದಲ್ಲಿ ಚಾಳುಕ್ಯ ಜಯಸಿಂಹನ ಸೋದರಿಯಾದ ಅಕ್ಕಾದೇವಿಯು ನಾಡನ್ನಾಳಿ, ಗೋಕಾಗೆಯ ಕೋಟೆಯನ್ನು ಮುತ್ತಿದಳು. ಶಾಸನವು ಅವಳನ್ನು ರಣದಲ್ಲಿ ಭೈರವಿಗೆ ಹೋಲಿಸುವುದು. ಅವಳ ಕೀರ್ತಿಯು ನಿಂತಿರುವುದು ಆಳಿಕೆಯ ಮೇಲೆ, ಮುತ್ತಿಗೆಯ ಮೇಲೆ. ಚಿತ್ರದುರ್ಗದ ಓಬವ್ವನ ಕಥೆಯಲ್ಲಿಯೂ ನಾಡು ನೆನಪಿನಲ್ಲಿಟ್ಟುದು ಒನಕೆಯನ್ನು, ಕಿಂಡಿಯನ್ನು. ಮನೆಯ ಕೆಲಸದಲ್ಲಿದ್ದವಳು ಉಟ್ಟ ಬಟ್ಟೆಯಲ್ಲಿಯೇ ಎದ್ದುಹೋದಳೆಂಬುದೇ ಆ ಕಥೆಯ ಬಲವಾಗಿದೆ. ಅವಳಿಗೆ ರಾಣಿಯ ಪಟ್ಟೆಯನ್ನು ಉಡಿಸಿದರೆ ಚಿತ್ರವು ಚೆಲುವಾದೀತು, ಕಥೆಯು ಕೆಡುವುದು.

ಕೊನೆಯದಾಗಿ, ಸ್ತ್ರೀಯ ಉಡುಗೆಯನ್ನು ಕುರಿತು ಕನ್ನಡದಲ್ಲಿ ನಡೆದ ಅತ್ಯಂತ ಗಂಭೀರವಾದ ವಾದವು ಶೂನ್ಯಸಂಪಾದನೆಯಲ್ಲಿದೆ. ಉಡುಗೆಯನ್ನು ತೊರೆದು ಬಂದ ಅಕ್ಕಮಹಾದೇವಿಯನ್ನು, ಕೂದಲಿಂದೇಕೆ ಮೈಮರೆಸಿದೆಯೆಂದು ಅಲ್ಲಮಪ್ರಭುವು ಕೇಳುವನು. ಆಕೆಯು ನಾಚದೆ, ಅಂಜದೆ, ತನ್ನ ಕಾರಣವನ್ನು ತಾನೇ ಹೇಳುವಳು, ಸಭೆಯು ಒಪ್ಪುವುದು. ಅಕ್ಕನು ಯುದ್ಧದ ವೀರಳಲ್ಲ. ಆದರೂ ನಮ್ಮ ವಿಚಾರಕ್ಕೆ ಬೇಕಾದ ನಿದರ್ಶನವು ಇದೇ. ಅಲ್ಲಿ ಉಡುಗೆಯ ಪ್ರಶ್ನೆಗೆ ಉತ್ತರ ಕೊಟ್ಟವಳು ಉಟ್ಟವಳೇ, ತೊರೆದವಳೇ.

ಚಿತ್ರಕಥೆಯ ನಾಯಿಕೆಗೆ ಆ ಅನುಕೂಲವಿಲ್ಲ. ಚಿತ್ರಕಾರನು ತೊಡಿಸಿದುದನ್ನು ಅವಳು ತೊಡಬೇಕು. ತನ್ನ ಪರವಾಗಿ ಒಂದು ಮಾತನ್ನೂ ಆಡಲಾರಳು. ಆದುದರಿಂದಲೇ ಚಿತ್ರಕಾರನ ಹೊಣೆಯು ಹೆಚ್ಚಿನದು. ಈ ಉಡುಗೆಯಲ್ಲಿ ಇವಳು ಓಡಬಲ್ಲಳೆ, ಕುದುರೆಯೇರಬಲ್ಲಳೆ, ಕತ್ತಿಯೆತ್ತಬಲ್ಲಳೆ? ಕೇಳಿದರೆ ಇವಳು ಇದನ್ನೇ ಆರಿಸಿಕೊಳ್ಳುತ್ತಿದ್ದಳೆ? ಈ ಪ್ರಶ್ನೆಗಳನ್ನು ಕೇಳಿಕೊಂಡು ಬರೆದ ಚಿತ್ರವು, ಬಟ್ಟೆ ಹೆಚ್ಚಿರಲಿ ಕಡಮೆಯಿರಲಿ, ವೀರವನಿತೆಯ ಚಿತ್ರವಾಗುವುದು. ತರಗತಿಯಲ್ಲಿ ಇಂತಹ ಚಿತ್ರವೊಂದನ್ನು ಮುಂದಿಟ್ಟು ಪಾಠಹೇಳುವ ಉಪಾಧ್ಯಾಯರು ಈ ಪ್ರಶ್ನೆಗಳನ್ನು ಹುಡುಗ ಹುಡುಗಿಯರ ಬಾಯಿಂದಲೇ ಹೊರಡಿಸಿದರೆ, ಅಕ್ಕಾದೇವಿಯ ಶಾಸನವೂ ಪ್ರಮೀಳೆಯ ಪ್ರಸಂಗವೂ ಅವರಿಗೆ ಇನ್ನಷ್ಟು ಹತ್ತಿರವಾಗುವುವೆಂದು ನಮ್ಮ ನಂಬಿಕೆ.