ಮಕ್ಕಳಿರೋ ಮನೆಗೆ ಯಾವ ನಾಯಿ? ಸ್ವಲ್ಪ ಇತಿಹಾಸ ಕೇಳಿ...

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ನೋಡಿಲ್ಲದಿದ್ದರೆ ಮುಂದಿನ ಸಲ ಊರಿಗೆ ಹೋದಾಗ ತಪ್ಪದೇ ನೋಡಿ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದದ್ದು, ಸುಮಾರು ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ ಗಂಗರ ಬೂತುಗ, ಏನು ಬೇಕೋ ಕೇಳು ಅಂದನಂತೆ. ಆತ ಕೇಳಿದ್ದು ಹೊನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟರು.

ಕನ್ನಡಿಗರಾದ ನಮಗೆ ಹೆಮ್ಮೆಯ ವಿಷಯವೇ. ಆದರೆ ಈ ಕಾಳಿಯನ್ನು ಎರಡು ವರ್ಷದ ಮಗುವಿರೋ ಫ್ಲಾಟಿಗೆ ತರ್ತೀರಾ?

ಈ ಪ್ರಶ್ನೆ ಈಗ ನಮ್ಮ ಮನೆಯಲ್ಲೇ ಎದ್ದಿದೆ. ನಾನು ಜಮಖಂಡಿ ಕಡೆಯವನು, 1978ರಲ್ಲಿ ಮುಂಬೈಗೆ ಬಂದವನು. ಈಗ ಠಾಣೆಯಲ್ಲಿ ಮಗನ ಜೊತೆ ನಾಲ್ಕನೇ ಮಹಡಿಯಲ್ಲಿ ವಾಸ. ಮೊಮ್ಮಗನಿಗೆ ಏಳು ವರ್ಷ, ಮೊಮ್ಮಗಳಿಗೆ ಎರಡು. "ಅಜ್ಜಾ, ನಮ್ಮೂರ ಕಡೆ ನಾಯಿನೇ ತರೂಣು" ಅಂತ ಹುಡುಗನ ಹಟ. ಸೊಸೆಗೆ ಚಿಕ್ಕವಳ ಚಿಂತೆ. ತೀರ್ಮಾನ ನನ್ನ ತಲೆಗೆ ಬಿತ್ತು.

ನಮ್ಮೂರ ಕಡೆ ನಾಯಿ ಅಂದರೆ ಮುಧೋಳ ನಾಯಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇದರ ತಳಿ ಬೆಳೆಸಿದರು, ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು ಅಂತ ಆ ಕಡೆ ಇಂದಿಗೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿಯನ್ನೂ ತಂದಿತು. ಇದು ಮೂಸಿ ಹುಡುಕುವ ನಾಯಿಯಲ್ಲ, ಕಣ್ಣಿಂದ ನೋಡಿ ಅಟ್ಟಿಸಿಕೊಂಡು ಹೋಗುವ ನಾಯಿ. ಬಯಲಲ್ಲಿ ಮೊಲದ ಹಿಂದೆ ಓಡಲಿಕ್ಕಂತಲೇ ಆ ಉದ್ದ ಕಾಲು, ಆ ಸಣ್ಣ ನಡು. ಮನೆಯವರಿಗೆ ನಿಷ್ಠೆ ಬಹಳ, ಆದರೆ ಹೊರಗಿನವರು ಮೈ ಮುಟ್ಟುವುದು ಸಾಮಾನ್ಯವಾಗಿ ಇಷ್ಟವಾಗದು. ಲಿಫ್ಟಿನಲ್ಲಿ ದಿನಾ ಇಪ್ಪತ್ತು ಜನ ಸಿಗೋ ಕಟ್ಟಡದಲ್ಲಿ ಅದನ್ನು ಕಟ್ಟಿಹಾಕಿದರೆ ಅದಕ್ಕೂ ಶಿಕ್ಷೆ, ನಮಗೂ ಶಿಕ್ಷೆ.

ತಳಿ ಅಂದರೆ ಬಣ್ಣ ರೂಪ ಮಾತ್ರ ಅಲ್ಲ ನೋಡಿ. ಹಿಂದಿನವರು ಒಂದು ಕೆಲಸಕ್ಕಂತ ಆರಿಸಿ ಆರಿಸಿ ಬೆಳೆಸಿದ ಸ್ವಭಾವ ಅದು. ಜರ್ಮನಿಯಲ್ಲಿ 1899ರಲ್ಲಿ ಸ್ಟೆಫಾನಿಟ್ಜ್ ಎಂಬ ಸೇನಾಧಿಕಾರಿ ಒಂದು ಕುರಿನಾಯಿಯನ್ನು ಕೊಂಡು ಜರ್ಮನ್ ಶೆಫರ್ಡ್ ತಳಿಗೆ ಅಡಿಪಾಯ ಹಾಕಿದ. ಮೊದಲ ಮಹಾಯುದ್ಧದ ನಂತರ ಜರ್ಮನ್ ಹೆಸರು ಬೇಡವಾಗಿ ಇಂಗ್ಲಿಷರು ಅದನ್ನೇ ಅಲ್ಸೇಷಿಯನ್ ಅಂದರು. ಬುದ್ಧಿವಂತ ನಾಯಿ, ಆದರೆ ಕುರಿ ಕಾಯೋ ತಳಿಗಳಿಗೆ ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕೋ ಅಭ್ಯಾಸ ಇರಬಹುದು. ಡಾಬರ್‌ಮನ್ ತಳಿ ಶುರುಮಾಡಿದವನಂತೂ ತೆರಿಗೆ ವಸೂಲಿಗಾರ. ಅವನಿಗೆ ಎಂಥ ನಾಯಿ ಬೇಕಿತ್ತು ಅಂತ ಬೇರೆ ಹೇಳಬೇಕೆ!

ಲ್ಯಾಬ್ರಡಾರ್ ಕಥೆ ಬೇರೆ. ಅದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಬೆಸ್ತರ ಜೊತೆ ನೀರಿಗಿಳಿದು ಬಲೆ, ಹಗ್ಗ ಎಳೆದು ತರುತ್ತಿದ್ದ ನಾಯಿಗಳು. ಇಂಗ್ಲೆಂಡಿನ ಶ್ರೀಮಂತರು ಅವನ್ನು ತರಿಸಿ, ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹಲ್ಲು ತಾಗದಂತೆ ತಂದುಕೊಡಲು ಪಳಗಿಸಿದರು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ಬಿನ ಮಾನ್ಯತೆ ಸಿಕ್ಕಿತು. ಜನರ ಜೊತೆ ಹೊಂದಿಕೊಂಡು ಕೆಲಸ ಮಾಡೋ ಆ ಗುಣವೇ ಇಂದು ಮಕ್ಕಳಿರೋ ಮನೆಗೆ ಒಗ್ಗಿದ್ದು. ಆದರೂ ಮೂವತ್ತು ಕಿಲೋ ತೂಗೋ ನಾಯಿ ಪ್ರೀತಿಯಿಂದ ಹಾರಿದರೂ ಮಗು ಬೀಳುತ್ತೆ! ದಿನಾ ಚೆನ್ನಾಗಿ ಓಡಾಡಿಸದಿದ್ದರೆ ಮನೆಯ ಚಪ್ಪಲಿಗಳ ಗತಿ ದೇವರಿಗೇ ಪ್ರೀತಿ.

ನಾವು ಪಟ್ಟಣದವರು ನಾಯಿ ಆರಿಸಿದ್ದು ಹೀಗೆ ಯೋಚಿಸಿಯಾ? ಎಲ್ಲಿ! 1994ರಲ್ಲಿ 'ಹಮ್ ಆಪ್ಕೆ ಹೈ ಕೌನ್' ಬಂದದ್ದೇ ತಡ, ಎಲ್ಲರ ಬಾಯಲ್ಲೂ ಬಿಳಿ ಟಫಿಯ ಮಾತು. ಇಲ್ಲಿ ಪಾಮೇರಿಯನ್ ಅಂತ ಕರೆಯೋ ಬಹುಪಾಲು ನಾಯಿಗಳು ನಿಜಕ್ಕೆ ಇಂಡಿಯನ್ ಸ್ಪಿಟ್ಜ್. ಚುರುಕು, ಮುದ್ದು, ಆದರೆ ಬೊಗಳುವುದು ಜಾಸ್ತಿ. ಪುಟ್ಟ ಮಗು ಎತ್ತಿಕೊಂಡು ಕೆಡವಿದರೆ ಆ ಸಣ್ಣ ಮೂಳೆ ಮುರಿದೀತು. 2003ರಲ್ಲಿ ಹಚ್ ಮೊಬೈಲಿನ ಜಾಹೀರಾತು ಬಂತು, ಪಗ್ ನಾಯಿಗೆ ಎಲ್ಲಿಲ್ಲದ ಬೇಡಿಕೆ. ಚೀನಾದ ಅರಮನೆಗಳಲ್ಲಿ ಮಡಿಲಲ್ಲಿ ಕೂರಲು ಬೆಳೆಸಿದ ನಾಯಿ ಅದು. ಮಕ್ಕಳ ಜೊತೆ ಸಾಧು, ನಿಜ. ಆದರೆ ಆ ಚಪ್ಪಟೆ ಮೂಗಿನಿಂದ ಮುಂಬೈಯ ಮೇ ತಿಂಗಳಲ್ಲಿ ಉಸಿರಾಡೋದು ಅದಕ್ಕೆ ಬಲು ಕಷ್ಟ.

ಉಳಿದದ್ದು ನಮ್ಮ ಬೀದಿನಾಯಿ. ಯಾರೂ ಒಂದು ಕೆಲಸಕ್ಕಂತ ಬೆಳೆಸಿದ್ದಲ್ಲ, ಈ ನೆಲದ ಬಿಸಿಲು ಮಳೆಯೇ ತಿದ್ದಿದ್ದು. 1832ರ ಜೂನಿನಲ್ಲಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದಾಗ ಇದೇ ಮುಂಬೈಯ ಪಾರ್ಸಿಗಳು ಗಲಭೆಯೇ ಎಬ್ಬಿಸಿದ್ದರು. ಒಂದೊಂದರ ಸ್ವಭಾವ ಒಂದೊಂದು ಥರ ಅನ್ನೋದು ನಿಜ. ಆದರೆ ಬೆಳೆದ ನಾಯಿಯನ್ನು ನಾಲ್ಕಾರು ಸಲ ಹೋಗಿ ನೋಡಿದರೆ, ಗದ್ದಲಕ್ಕೆ ಹೆದರುತ್ತದೋ, ತಟ್ಟೆ ಮುಟ್ಟಿದರೆ ಗುರ್ ಅನ್ನುತ್ತದೋ ಅಂತ ಗೊತ್ತಾಗುತ್ತದೆ. ಮರಿಯಲ್ಲಿ ಅದು ತಿಳಿಯದು.

ಲೆಕ್ಕ ಹಾಕಿದೆ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರೋದು ರಾತ್ರಿ. ಲ್ಯಾಬ್ರಡಾರನ್ನು ಹಿಡಿದು ನಡೆಯೋದು ನನ್ನ ಮೊಣಕಾಲಿಗೆ ಆಗದ ಮಾತು. ಅದಕ್ಕೇ ಮಕ್ಕಳ ನಡುವೆಯೇ ಬೆಳೆದ, ಮೂರು ವರ್ಷದ ಒಂದು ಶಾಂತ ಬೀದಿನಾಯಿ ಅಂತ ತೀರ್ಮಾನ ಹೇಳಿದೆ. ಮೊಮ್ಮಗನ ಮುಖ ಸಣ್ಣಗಾಯಿತು. ದೀಪಾವಳಿಗೆ ಊರಿಗೆ ಹೋದಾಗ ಮುಧೋಳ ನಾಯಿ ಹೊಲದಲ್ಲಿ ಓಡೋದನ್ನು ತೋರಿಸ್ತೀನಿ ಅಂತ ಒಪ್ಪಿಸಿದ್ದೇನೆ.

ನೀವೂ ನಾಯಿ ತರೋ ಯೋಚನೆಯಲ್ಲಿದ್ದರೆ ಬೆಲೆ ಕೇಳೋ ಮೊದಲು, ಇದರ ಹಿರೀಕರು ಏನು ಕೆಲಸ ಮಾಡ್ತಿದ್ದರು ಅಂತ ಕೇಳಿ. ರೇಬೀಸ್ ಲಸಿಕೆ ತಪ್ಪಿಸಬೇಡಿ. ಉಣ್ಣುವಾಗ, ಮಲಗಿದಾಗ ಅದನ್ನು ಕೆಣಕಬಾರದು ಅಂತ ಮಕ್ಕಳಿಗೆ ಕಲಿಸಿ. ಮತ್ತೆ, ಎಂಥ ಸಾಧು ನಾಯಿಯಾದರೂ ಸರಿ, ಸಣ್ಣ ಮಗುವನ್ನು ಅದರ ಜೊತೆ ಒಂಟಿಯಾಗಿ ಬಿಟ್ಟು ಅಡುಗೆಮನೆಗೆ ಹೋಗಬೇಡಿ.