ಮೊಬಿಲಿಟಿ ಸ್ಕೂಟರ್ ಕೊಳ್ಳಲು ಹಣ ಸಾಲದೇ? ಬಾರಾಮತಿಯವರಿಗೆ ಇರುವ ದಾರಿಗಳು ಇಲ್ಲಿವೆ

ಬಾರಾಮತಿ (ಪುಣೆ): ನಡೆಯಲು ಕಷ್ಟಪಡುವವರಿಗೆ ಬ್ಯಾಟರಿ ಚಾಲಿತ ಮೊಬಿಲಿಟಿ ಸ್ಕೂಟರ್ ದೊಡ್ಡ ಆಸರೆ. ಮಾರುಕಟ್ಟೆ, ಬ್ಯಾಂಕ್, ಆಸ್ಪತ್ರೆಗೆ ಮತ್ತೊಬ್ಬರನ್ನು ಕಾಯದೆ ಹೋಗಿಬರಬಹುದು, ಮನೆಯವರ ಒಂದು ದಿನದ ಕೂಲಿಯೂ ಉಳಿಯುತ್ತದೆ. ಆದರೆ ಆಮದು ಮಾದರಿಗಳ ಬೆಲೆ ಸುಲಭವಾಗಿ ಒಂದು ಲಕ್ಷ ರೂಪಾಯಿ ದಾಟುತ್ತದೆ. ಪಿಯಾಜಿಯೊ ಕಾರ್ಖಾನೆಯಿಂದ ವೆಸ್ಪಾ ಸ್ಕೂಟರ್, ಆಪೆ ಆಟೊಗಳು ಹೊರಬರುವ ಬಾರಾಮತಿಯಲ್ಲೂ ಕಡಿಮೆ ಆದಾಯದ ಕುಟುಂಬಕ್ಕೆ ಇದು ಕೈಗೆಟುಕದ ಮಾತು. ಹಾಗಾದರೆ ದಾರಿ ಏನು? ಕೇಂದ್ರ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ನೆರವನ್ನು ಸರಿಯಾದ ಕ್ರಮದಲ್ಲಿ ಕೇಳುವುದು.

ಮೊದಲು ಕಾರ್ಡ್, ಆಮೇಲೆ ಅರ್ಜಿ

ಬಹುತೇಕ ಎಲ್ಲ ನೆರವಿಗೂ ಯುಡಿಐಡಿ ಕಾರ್ಡ್ ಆಧಾರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಯೋಜನೆಗಳ ಲಾಭಕ್ಕೆ ಸಾಮಾನ್ಯವಾಗಿ ಕನಿಷ್ಠ ಶೇ. 40ರಷ್ಟು ವೈಕಲ್ಯ ಇರಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಈ ಕಾರ್ಡ್ ದೇಶದಾದ್ಯಂತ ನಡೆಯುತ್ತದೆ. ಹೀಗಾಗಿ ಕರ್ನಾಟಕದಲ್ಲಿ ಕಾರ್ಡ್ ಪಡೆದು ಈಗ ಬಾರಾಮತಿಯಲ್ಲಿ ನೆಲೆಸಿದವರು ಕೇಂದ್ರದ ಯೋಜನೆಗಳಿಗೆ ಅದನ್ನೇ ಬಳಸಬಹುದು. ಮಹಾರಾಷ್ಟ್ರ ಸರ್ಕಾರದ ಯೋಜನೆಗಳಿಗೆ ಮಾತ್ರ ಅಲ್ಲಿನ ವಾಸದ ದಾಖಲೆ ಬೇಕು. ತಹಸೀಲ್ದಾರ್ ಕಚೇರಿಯ ಆದಾಯ ಪ್ರಮಾಣಪತ್ರವನ್ನೂ ಜೊತೆಗೇ ಮಾಡಿಸಿಟ್ಟುಕೊಳ್ಳುವುದು ಒಳಿತು.

ಕೇಂದ್ರದ ಎಡಿಐಪಿ ಯೋಜನೆ

1981ರಿಂದ ಜಾರಿಯಲ್ಲಿರುವ ಎಡಿಐಪಿ ಯೋಜನೆಯಡಿ ಕಡಿಮೆ ಆದಾಯದ ವಿಕಲಚೇತನರಿಗೆ ಉಚಿತವಾಗಿ ಅಥವಾ ಅರ್ಧ ಬೆಲೆಗೆ ಸಾಧನಗಳು ಸಿಗುತ್ತವೆ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರಿ ಸಂಸ್ಥೆ ಅಲಿಮ್ಕೊ ಇವನ್ನು ತಯಾರಿಸಿ ಶಿಬಿರಗಳಲ್ಲಿ ವಿತರಿಸುತ್ತದೆ. ಮೊಬಿಲಿಟಿ ಸ್ಕೂಟರ್‌ಗೆ ಹತ್ತಿರವಾದ ಸಾಧನ ಇದರಲ್ಲಿದೆ: ಬ್ಯಾಟರಿ ಚಾಲಿತ ತ್ರಿಚಕ್ರ ಸೈಕಲ್.

ಆದರೆ ಇದು ಎಲ್ಲರಿಗೂ ಸಿಗುವುದಿಲ್ಲ. ಬೆನ್ನುಹುರಿ ಪೆಟ್ಟು, ಪಾರ್ಶ್ವವಾಯು, ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯದಂಥ ತೀವ್ರ ಸಮಸ್ಯೆ ಇರುವ 16 ವರ್ಷ ಮೇಲ್ಪಟ್ಟವರಿಗೆ ಆದ್ಯತೆ. ಸಹಾಯಧನಕ್ಕೆ ಮಿತಿಯೂ ಇದೆ. 2014ರ ಮಾರ್ಗಸೂಚಿ ಅದನ್ನು 25,000 ರೂ. ಎಂದು ನಿಗದಿಪಡಿಸಿತ್ತು, ಬಳಿಕ ಯೋಜನೆ ಪರಿಷ್ಕರಣೆಯಾಗಿದೆ. ಮಿತಿಗಿಂತ ಬೆಲೆ ಹೆಚ್ಚಿದ್ದರೆ ಉಳಿದ ಹಣವನ್ನು ಸಂಸದರ ನಿಧಿ, ಕಂಪನಿಗಳ ಸಿಎಸ್‌ಆರ್ ನಿಧಿ ಅಥವಾ ಕೈಯಿಂದ ಹೊಂದಿಸಬೇಕು.

ನಗರ ಪರಿಷತ್‌ನ ಶೇ. 5 ನಿಧಿ

ಹಲವರ ಗಮನಕ್ಕೆ ಬಾರದ ದಾರಿ ಇದು. ಮಹಾರಾಷ್ಟ್ರದಲ್ಲಿ ನಗರ ಪರಿಷತ್, ಜಿಲ್ಲಾ ಪರಿಷತ್ ಮತ್ತು ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದ ಶೇ. 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಬಾರಾಮತಿ ಪಟ್ಟಣದವರು ನಗರ ಪರಿಷತ್‌ನಲ್ಲಿ, ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲೂ ಇಂಥದ್ದೇ ಮೀಸಲು ನಿಧಿ ಇದೆ.

ಸಾಲ ಬೇಕಾದವರಿಗೆ ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ಮತ್ತು ಅಭಿವೃದ್ಧಿ ನಿಗಮದ ರಿಯಾಯಿತಿ ಬಡ್ಡಿಯ ಯೋಜನೆ ಇದೆ. ಸ್ವಯಂ ಉದ್ಯೋಗದ ಜೊತೆಗೆ ಸಹಾಯಕ ಸಾಧನ ಖರೀದಿಗೂ ಈ ಸಾಲ ಸಿಗುತ್ತದೆ.

ವೈಕಲ್ಯ ಪ್ರಮಾಣಪತ್ರ ಇಲ್ಲದ ಹಿರಿಯರಿಗೆ?

ಕಷ್ಟ ಇರುವುದು ಇಲ್ಲೇ. ಮಂಡಿನೋವಿನಿಂದ ಹತ್ತು ಹೆಜ್ಜೆ ಇಡಲಾಗದ ಅಜ್ಜಿಗೆ ಶೇ. 40ರ ಪ್ರಮಾಣಪತ್ರ ಸಿಗದೇ ಹೋಗಬಹುದು. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ 60 ದಾಟಿದ ಬಡ ಹಿರಿಯರಿಗೆ ಊರುಗೋಲು, ವಾಕರ್, ಶ್ರವಣ ಸಾಧನ, ಗಾಲಿಕುರ್ಚಿ ಕೊಡುತ್ತದೆ, ಬ್ಯಾಟರಿ ಸ್ಕೂಟರ್ ಕೊಡುವುದಿಲ್ಲ. 2024ರ ಮಹಾರಾಷ್ಟ್ರದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ 65 ದಾಟಿದ, ವಾರ್ಷಿಕ ಕುಟುಂಬ ಆದಾಯ 2 ಲಕ್ಷ ರೂ. ಒಳಗಿನವರ ಖಾತೆಗೆ ಒಮ್ಮೆ 3,000 ರೂ. ಬರುತ್ತದೆ. ಅದು ವಾಕರ್‌ಗೆ ಸಾಕು, ಸ್ಕೂಟರ್‌ಗೆ ಸಾಲದು. ಇಂಥವರು ಉಚಿತ ಗಾಲಿಕುರ್ಚಿ ಪಡೆದು, ದೂರದ ಓಡಾಟಕ್ಕೆ ಮಾತ್ರ ಬಾಡಿಗೆ ಅಥವಾ ಹಳೆಯ ಸ್ಕೂಟರ್ ನೋಡುವುದು ವಾಸಿ.

ಹಳೆಯದನ್ನು ಕೊಳ್ಳುವಾಗ

ಹಳೆಯ ಸ್ಕೂಟರ್‌ನಲ್ಲಿ ಮೊದಲು ನೋಡಬೇಕಾದ್ದು ಬ್ಯಾಟರಿ. ಪೂರ್ತಿ ಚಾರ್ಜ್ ಮಾಡಿಸಿ, ಕೂರುವವರನ್ನೇ ಕೂರಿಸಿ, ಏರು ರಸ್ತೆಯಲ್ಲಿ ಓಡಿಸಿ ನೋಡಿ. ಲೆಡ್ ಆಸಿಡ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ, ಹೊಸದರ ಬೆಲೆಯನ್ನು ಕೇಳಿಕೊಂಡೇ ವ್ಯಾಪಾರ ಮಾಡಿ. ಚಾರ್ಜರ್, ಬ್ರೇಕ್, ಟೈರ್ ಪರೀಕ್ಷಿಸಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಯಾರು ಮಾಡುತ್ತಾರೆ ಎಂದು ವಿಚಾರಿಸಿ. ಮನೆ ಬಾಗಿಲಿನ ಅಗಲ ಅಳೆಯುವುದನ್ನು ಮರೆಯಬೇಡಿ. ಚಿಕ್ಕ ಗಾಲಿಯ ಮಾದರಿ ನುಣುಪು ನೆಲಕ್ಕೆ ಸರಿ, ಕಬ್ಬಿನ ಗದ್ದೆಯ ಬದಿಯ ಮಣ್ಣಿನ ದಾರಿಗೆ ಅಲ್ಲ.

ನಿತ್ಯದ ಖರ್ಚು ಹೆಚ್ಚೇನಿಲ್ಲ. 24 ವೋಲ್ಟ್, 40 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ತುಂಬಲು ಸುಮಾರು ಒಂದು ಯೂನಿಟ್ ವಿದ್ಯುತ್ ಸಾಕು, ಚಾರ್ಜರ್‌ನಲ್ಲಿ ಸೋರುವುದು ಸೇರಿದರೆ ಸ್ವಲ್ಪ ಹೆಚ್ಚು. ಬಳಸದಿದ್ದರೂ ಆಗಾಗ ಚಾರ್ಜ್ ಮಾಡದಿದ್ದರೆ ಬ್ಯಾಟರಿ ಬೇಗ ಹಾಳಾಗುತ್ತದೆ.

ಸಾಮಾನ್ಯ ಸ್ಕೂಟರ್‌ಗೆ ಪಕ್ಕದ ಗಾಲಿ ಜೋಡಿಸಿಕೊಳ್ಳುವುದು ಮತ್ತೊಂದು ದಾರಿ. ಕೈಗಳಲ್ಲಿ ಶಕ್ತಿ ಇರುವವರಿಗೆ ಇದು ಅಗ್ಗ. ಆದರೆ ಮಾರ್ಪಾಡನ್ನು ಆರ್‌ಟಿಒದಲ್ಲಿ ನೋಂದಾಯಿಸಬೇಕು, ಚಾಲನಾ ಪರವಾನಗಿಯೂ ಬೇಕು. ಎಂಎಚ್-42 ಸರಣಿಯ ಆರ್‌ಟಿಒ ಕಚೇರಿ ಬಾರಾಮತಿಯಲ್ಲೇ ಇದೆ.

ಕೊನೆಯದಾಗಿ ನೆನಪಿಡಿ: ಸಾಲ ಮಾಡಿ ಸ್ಕೂಟರ್ ತಂದ ಮೇಲೆ ಸಹಾಯಧನ ಕೇಳಿದರೆ ಸಿಗುವುದು ಕಷ್ಟ. ಎಡಿಐಪಿ ಸಾಧನ ಕೊಡುವ ಯೋಜನೆ, ಕೊಂಡದ್ದಕ್ಕೆ ಹಣ ಮರಳಿಸುವ ಯೋಜನೆಯಲ್ಲ. ಆದ್ದರಿಂದ ಕಾರ್ಡ್, ಆದಾಯ ಪತ್ರ, ಶಿಬಿರದ ನೋಂದಣಿ, ನಗರ ಪರಿಷತ್ ಅರ್ಜಿ ಮೊದಲು. ಜೇಬಿನ ಹಣ ಕೊನೆಗೆ.