ಹೊಣೆಗೆ ನಿಂತವನು

ಮದುವೆ ಛತ್ರದ ಗೋಡೆಯಲ್ಲಿ, ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ, ಆಸ್ಪತ್ರೆ ಮುಂದಿನ ಪಾರ್ಕಿಂಗಿನಲ್ಲಿ ‘ಹೊಣೆ’ ಎಂಬ ಪದ ದಿನವೂ ಕಣ್ಣಿಗೆ ಬೀಳುತ್ತದೆ. ಒಂಟಿಯಾಗಿ ಬೀಳುವುದು ಮಾತ್ರ ಅಪರೂಪ. ‘ವಸ್ತುಗಳು ಕಳೆದುಹೋದರೆ ಆಡಳಿತ ಮಂಡಳಿ ಹೊಣೆಯಲ್ಲ.’ ‘ಪ್ರಕಟವಾದ ಅಭಿಪ್ರಾಯಗಳಿಗೆ ಪತ್ರಿಕೆ ಹೊಣೆಯಲ್ಲ.’ ‘ಅಲ್ಲ’ ಎಂಬುದು ಅದರ ಬಾಲವೇ ಆಗಿಬಿಟ್ಟಿದೆ. ಬಾಲವಿಲ್ಲದೆ ಬಂದರೆ ಪ್ರಶ್ನೆಯಾಗಿ ಬರುತ್ತದೆ: ‘ಈ ಸಾವಿಗೆ ಯಾರು ಹೊಣೆ?’ ಎಂಬ ತಲೆಬರಹಕ್ಕೆ ಕೆಳಗಿನ ವರದಿಯಲ್ಲಿ ಉತ್ತರ ಇರುವುದಿಲ್ಲವೆಂದು ಓದುಗರಿಗೂ ಗೊತ್ತು. ಹೊಣೆಯನ್ನು ತಡಮಾಡದೆ, ಸಂತೋಷದಿಂದ ಹೊತ್ತುಕೊಳ್ಳುವವರು ಸುದ್ದಿಯಲ್ಲಿ ಒಬ್ಬರೇ: ಬಾಂಬು ಸಿಡಿಸಿದ ಸಂಘಟನೆಯವರು.

ಹಳಗನ್ನಡದಲ್ಲಿ ಇದು ‘ಪೊಣೆ’. ಪಕಾರ ಹಕಾರವಾಗಿ ಹೊಣೆಯಾಯಿತು. ಆಗ ಅದಕ್ಕಿದ್ದದ್ದು ಗಟ್ಟಿಯಾದ, ವ್ಯವಹಾರದ ಅರ್ಥ: ಜಾಮೀನು. ಸಾಲ ತೆಗೆದುಕೊಂಡವನು ಒಬ್ಬ, ಹೊಣೆಗೆ ನಿಂತವನು ಇನ್ನೊಬ್ಬ. ಅವನು ತೀರಿಸದಿದ್ದರೆ ಇವನು ತೀರಿಸಬೇಕು. ಕಿಟೆಲರ ನಿಘಂಟಿನಲ್ಲೂ ಈ ಅರ್ಥ ಇದೆ. ಆಮೇಲೆ ಅರಬ್ಬಿ ಮೂಲದ ‘ಜಾಮೀನು’ ಬಂದು ಕಚೇರಿ ಕೆಲಸವನ್ನೆಲ್ಲ ತಾನು ತೆಗೆದುಕೊಂಡಿತು. ನೌಕರಿ ಕಳೆದುಕೊಂಡ ಹೊಣೆ ನೀತಿಬೋಧೆಗೆ ಇಳಿಯಿತು. ಅದರ ಕ್ರಿಯಾಪದವೂ ಬದಲಾದದ್ದನ್ನು ಗಮನಿಸಿ. ಮೊದಲು ಜನ ಹೊಣೆ ‘ನಿಲ್ಲು’ತ್ತಿದ್ದರು, ಈಗ ಹೊಣೆ ‘ಹೊರು’ತ್ತಾರೆ. ಹೊರೆಯ ಪಕ್ಕದಲ್ಲಿದ್ದೂ ಇದ್ದೂ ಹೊಣೆಯೂ ತಲೆಯ ಮೇಲಿನ ಭಾರವಾಯಿತೋ ಏನೋ. ಭಾರವನ್ನಾದರೆ ಇಳಿಸಬಹುದು, ಇನ್ನೊಬ್ಬರ ತಲೆಗೆ ದಾಟಿಸಬಹುದು. ಹೊಣೆಗೆ ನಿಂತವನಿಗೆ ಆ ಅನುಕೂಲ ಇರಲಿಲ್ಲ.

ಈ ಹಳೆಯ ಅರ್ಥ ನನಗೆ ಚೆನ್ನಾಗಿ ಹೊಂದುವಂತೆ ಕಾಣುವುದು ಹೊಸದಾಗಿ ಅಧಿಕಾರಕ್ಕೆ ಬಂದ ಅಧ್ಯಕ್ಷರಿಗೆ. ಅದರಲ್ಲೂ ಅಮೆರಿಕದ ಜಾನ್ ಎಫ್. ಕೆನಡಿಗೆ.

1961ರ ಜನವರಿ 20ರಂದು ಪ್ರಮಾಣ ಮಾಡಿದಾಗ ಕೆನಡಿಗೆ 43 ವರ್ಷ. ಶ್ವೇತಭವನದ ಮೇಜಿನ ಮೇಲೆ ಹಿಂದಿನವರು ಮಾಡಿಟ್ಟ ಒಂದು ಸಾಲ ಕಾದಿತ್ತು. 1960ರ ಮಾರ್ಚಿನಲ್ಲೇ ಐಸೆನ್‌ಹೋವರ್ ಒಪ್ಪಿಗೆ ಕೊಟ್ಟಿದ್ದ ಯೋಜನೆ: ಫಿಡೆಲ್ ಕ್ಯಾಸ್ಟ್ರೋನನ್ನು ಕೆಳಗಿಳಿಸಲು ಕ್ಯೂಬಾದಿಂದ ಓಡಿಬಂದವರನ್ನು ಗುಪ್ತಚರ ಸಂಸ್ಥೆ ಸಿಐಎ ತಯಾರು ಮಾಡಬೇಕು. ಗ್ವಾಟೆಮಾಲಾದಲ್ಲಿ ತರಬೇತಿ ನಡೆದಿತ್ತು. ಪಡೆಯ ಹೆಸರು 2506ನೇ ಬ್ರಿಗೇಡ್. ಸಂಖ್ಯೆ ನೋಡಿ ಹೆದರಬೇಡಿ. ದೊಡ್ಡ ದಂಡೆಂದು ಶತ್ರು ಭಾವಿಸಲಿ ಅಂತ ಸದಸ್ಯರ ಎಣಿಕೆಯನ್ನು 2500ರಿಂದ ಶುರು ಮಾಡಿದ್ದರು. ತರಬೇತಿಯಲ್ಲಿ ಸತ್ತ ಒಬ್ಬನ ಸಂಖ್ಯೆಯೇ ಪಡೆಯ ಹೆಸರಾಯಿತು. ನಿಜವಾಗಿ ಇದ್ದವರು ಸುಮಾರು 1,400 ಮಂದಿ.

ಪಾಪ, ಹೊಸಬ, ಅಂದುಬಿಡುವುದಕ್ಕೂ ಆಗುವುದಿಲ್ಲ. ಚುನಾವಣೆಯ ಪ್ರಚಾರದಲ್ಲಿ ಕ್ಯೂಬಾ ವಿಷಯಕ್ಕೆ ಎದುರಾಳಿ ನಿಕ್ಸನ್‌ಗಿಂತ ಜೋರಾಗಿ ಗುಡುಗಿದ್ದವರು ಕೆನಡಿಯೇ. ಗೆದ್ದ ಕೆಲವೇ ದಿನಗಳಲ್ಲಿ, 1960ರ ನವೆಂಬರಿನಲ್ಲಿ, ಸಿಐಎಯ ಆ್ಯಲನ್ ಡಲೆಸ್ ಮತ್ತು ರಿಚರ್ಡ್ ಬಿಸೆಲ್ ಫ್ಲಾರಿಡಾಕ್ಕೆ ಹೋಗಿ ಯೋಜನೆಯನ್ನು ವಿವರಿಸಿದ್ದರು. ಅಧಿಕಾರಕ್ಕೆ ಬಂದ ಮೇಲೆ ಆ ಸಾಲಪತ್ರ ಹರಿಯುವ ಧೈರ್ಯ ಕೆನಡಿಗೆ ಬರಲಿಲ್ಲ, ತಿದ್ದುವ ಧೈರ್ಯ ಬಂತು. ಟ್ರಿನಿಡಾಡ್ ಪಟ್ಟಣದ ಹತ್ತಿರ ಇಳಿದರೆ ಗದ್ದಲ ಹೆಚ್ಚು, ಸದ್ದಿಲ್ಲದ ಜಾಗ ಹುಡುಕಿ ಎಂದರು. ಹಾಗೆ ಸಿಕ್ಕಿದ್ದು ಜೌಗುನೆಲದಿಂದ ಸುತ್ತುವರಿದ ಬೇ ಆಫ್ ಪಿಗ್ಸ್. ಎರಡನೆಯ ಸುತ್ತಿನ ವಿಮಾನದಾಳಿಯನ್ನು ಪಡೆ ಇಳಿಯುವ ಹಿಂದಿನ ರಾತ್ರಿ ರದ್ದು ಮಾಡಿದರು. ಸಾಲಪತ್ರದಲ್ಲಿ ತಾನೇ ತಿದ್ದುಪಡಿ ಮಾಡಿದ ಜಾಮೀನುದಾರನನ್ನು ಏನೆಂದು ಕರೆಯಬೇಕೋ!

1961ರ ಏಪ್ರಿಲಿನ ಆ ಎರಡು ವಾರದ ಪತ್ರಿಕೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಏಪ್ರಿಲ್ 11ರಂದು ಜೆರುಸಲೇಮಿನಲ್ಲಿ ಐಖ್ಮನ್ ವಿಚಾರಣೆ ಶುರುವಾಯಿತು. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದವನು, ಮೇಲಿನವರ ಆಜ್ಞೆ ಪಾಲಿಸಿದೆನಷ್ಟೇ, ನಾನು ಹೊಣೆಯಲ್ಲ ಎಂದು ವಾದಿಸಿದ ಮೊಕದ್ದಮೆ ಅದು. ಮಾರನೆಯ ದಿನ ಯೂರಿ ಗಗಾರಿನ್ 108 ನಿಮಿಷದಲ್ಲಿ ಭೂಮಿ ಸುತ್ತಿ ಬಂದ. ಅದೇ ದಿನ ಕೆನಡಿ ಪತ್ರಿಕಾಗೋಷ್ಠಿಯಲ್ಲಿ, ಅಮೆರಿಕದ ಸೇನೆ ಕ್ಯೂಬಾದಲ್ಲಿ ಕೈಹಾಕುವುದಿಲ್ಲ ಎಂದು ಮಾತು ಕೊಟ್ಟರು. 15ರಂದು ಕ್ಯೂಬಾದ ಬಣ್ಣ ಬಳಿದುಕೊಂಡ ಬಿ-26 ವಿಮಾನಗಳು ಕ್ಯೂಬಾದ ಮೇಲೆಯೇ ಬಾಂಬು ಹಾಕಿದವು. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ ಅಡ್ಲಾಯ್ ಸ್ಟೀವನ್‌ಸನ್ ಆ ವಿಮಾನದ ಚಿತ್ರವನ್ನು ಎತ್ತಿ ಹಿಡಿದು, ಇದು ಕ್ಯಾಸ್ಟ್ರೋನ ಪಡೆಯಿಂದಲೇ ತಪ್ಪಿಸಿಕೊಂಡು ಬಂದದ್ದು ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಸರ್ಕಾರ ಅವರಿಗೇ ಸುಳ್ಳು ಹೇಳಿತ್ತು. 17ರಂದು ಬ್ರಿಗೇಡ್ ದಡಕ್ಕಿಳಿಯಿತು. 19ರ ಸಂಜೆಗೆ ಎಲ್ಲ ಮುಗಿದಿತ್ತು. ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು, ಹೆಚ್ಚುಕಡಿಮೆ 1,200 ಮಂದಿ ಸೆರೆಸಿಕ್ಕಿದ್ದರು. ಕೆನಡಿ ಅಧಿಕಾರ ವಹಿಸಿಕೊಂಡು ಮೂರು ತಿಂಗಳು ತುಂಬುವ ಹೊತ್ತಿಗೆ.

ಏಪ್ರಿಲ್ 21ರ ಪತ್ರಿಕಾಗೋಷ್ಠಿ ನನ್ನ ಮಟ್ಟಿಗೆ ಈ ಪದದ ಚರಿತ್ರೆಯಲ್ಲೇ ಒಂದು ದೊಡ್ಡ ದಿನ. ಕ್ಯೂಬಾದಲ್ಲಿ ನಡೆದದ್ದರ ಸತ್ಯವನ್ನು ಸರ್ಕಾರ ಯಾಕೆ ಬಿಡಿಸಿ ಹೇಳುತ್ತಿಲ್ಲ ಎಂದು ಪತ್ರಕರ್ತರೊಬ್ಬರು ಕೇಳಿದರು. ಗೆಲುವಿಗೆ ನೂರು ಜನ ಅಪ್ಪಂದಿರು, ಸೋಲು ಮಾತ್ರ ತಬ್ಬಲಿ ಎಂಬರ್ಥದ ಹಳೆಯ ಮಾತೊಂದನ್ನು ಕೆನಡಿ ನೆನಪಿಸಿದರು. ಈ ಸರ್ಕಾರದಲ್ಲಿ ಹೊಣೆಗಾರ ನಾನು, ಅದು ಎಲ್ಲರಿಗೂ ಗೊತ್ತಿರುವುದೇ ಎಂದರು. ವಿವರ ಕೊಡಲು ಮಾತ್ರ ಒಪ್ಪಲಿಲ್ಲ. ಸಭೆ ಮೆಚ್ಚಿತು, ದೇಶವೂ ಮೆಚ್ಚಿತು. ಪ್ರಶ್ನೆ ಎಲ್ಲಿತ್ತೋ ಅಲ್ಲೇ ಉಳಿಯಿತು.

ನಮ್ಮಲ್ಲಿ ಹೊಣೆಗೆ ಜೊತೆಯಾಗಿ ‘ಜವಾಬ್ದಾರಿ’ ಇದೆ. ಎರಡೂ ಒಂದೇ ಎಂಬಂತೆ ಬಳಸುತ್ತೇವೆ, ಆದರೆ ಹುಟ್ಟಿನಲ್ಲಿ ಅವು ಬೇರೆ. ಜವಾಬ್ದಾರ ಎಂದರೆ ಜವಾಬು ಕೊಡಬೇಕಾದವನು. ಹೊಣೆಗಾರ ಎಂದರೆ ದುಡ್ಡು ಕಟ್ಟಬೇಕಾದವನು. ಆ ಶುಕ್ರವಾರ ಕೆನಡಿ ಮಾಡಿದ್ದು, ಹೊಣೆಯನ್ನು ಮುಂದೆ ಹಿಡಿದು ಜವಾಬಿನಿಂದ ಪಾರಾದದ್ದು. ‘ಪೂರ್ಣ ಹೊಣೆ ನನ್ನದೇ’ ಎಂದ ಮನುಷ್ಯನನ್ನು ಇನ್ನೂ ಕೆದಕಿದರೆ ಕೇಳಿದವನೇ ಒರಟನಂತೆ ಕಾಣುತ್ತಾನೆ. ಈ ಉಪಾಯವನ್ನು ಆಮೇಲೆ ಎಷ್ಟು ದೇಶಗಳ ಎಷ್ಟು ಮಂತ್ರಿಗಳು ಕಲಿತರೆಂದು ಹೇಳಬೇಕಾಗಿಲ್ಲ. 24ರಂದು ಶ್ವೇತಭವನ ಇನ್ನೊಮ್ಮೆ, ಹೊಣೆ ಅಧ್ಯಕ್ಷರೊಬ್ಬರದೇ ಎಂದು ಹೇಳಿಕೆ ಕೊಟ್ಟಿತು. ಗ್ಯಾಲಪ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚಿದವರ ಪ್ರಮಾಣ ಶೇ 83ಕ್ಕೆ ಏರಿತು. ಸೋತು ಇಷ್ಟು ಗಳಿಸಿದವರು ಕಡಿಮೆ.

ನಡುವೆ, 22ರಂದು, ಕೆನಡಿ ಕ್ಯಾಂಪ್ ಡೇವಿಡ್‌ಗೆ ಐಸೆನ್‌ಹೋವರ್ ಅವರನ್ನು ಕರೆಸಿಕೊಂಡಿದ್ದರು. ತಲೆ ತಗ್ಗಿಸಿ ಕಾಲುದಾರಿಯಲ್ಲಿ ಹೋಗುತ್ತಿರುವ ಇಬ್ಬರನ್ನು ಪಾಲ್ ವಾಥಿಸ್ ಹಿಂದಿನಿಂದ ತೆಗೆದ ಚಿತ್ರಕ್ಕೆ ಪುಲಿಟ್ಜರ್ ಬಂತು. ಸಾಲ ಮಾಡಿದವರು, ಹೊಣೆ ನಿಂತವರು, ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಇರುವ ಚಿತ್ರ ಬೇರೆ ನಾನು ಕಂಡಿಲ್ಲ.

ನಮ್ಮ ಪತ್ರಿಕೆಗಳಲ್ಲಿ ಹೊಣೆಗೆ ‘ನೈತಿಕ’ ಎಂಬ ವಿಶೇಷಣ ಸೇರಿದರೆ ಮುಂದಿನ ಪದ ‘ರಾಜೀನಾಮೆ’. 1956ರ ಅರಿಯಲೂರು ರೈಲು ದುರಂತದ ನಂತರ ಲಾಲ್ ಬಹದ್ದೂರ್ ಶಾಸ್ತ್ರಿ ಸಚಿವ ಸ್ಥಾನ ಬಿಟ್ಟದ್ದು ಇದಕ್ಕೆ ಮಾದರಿಯಾಗಿ ಇಂದಿಗೂ ಉಳಿದಿದೆ. ಅಮೆರಿಕದ ಅಧ್ಯಕ್ಷ ಪದ್ಧತಿಯಲ್ಲಿ ಲೆಕ್ಕ ಬೇರೆ. ಸಂಸದೀಯ ಪದ್ಧತಿಯಾಗಿದ್ದರೆ ನಾನು ಹೋಗಬೇಕಿತ್ತು, ಇಲ್ಲಿ ನೀವು ಹೋಗಬೇಕು ಎಂದು ಕೆನಡಿ ಬಿಸೆಲ್‌ಗೆ ಹೇಳಿದರಂತೆ. ಡಲೆಸ್ ಆ ನವೆಂಬರಿನಲ್ಲಿ ಹೋದರು, ಬಿಸೆಲ್ ಮುಂದಿನ ಫೆಬ್ರವರಿಯಲ್ಲಿ. ಹೊಣೆ ಒಬ್ಬರದು, ಹುದ್ದೆ ಹೋದದ್ದು ಇಬ್ಬರದು.

ಹಳೆಯ ಅರ್ಥದ ಹೊಣೆ, ದುಡ್ಡು ಕಟ್ಟುವ ಹೊಣೆ, ಇನ್ನೂ ಬಾಕಿ ಇತ್ತು. ಸೆರೆಯಾಳುಗಳನ್ನು ಬಿಡಲು ಕ್ಯಾಸ್ಟ್ರೋ ಮೊದಲು ಕೇಳಿದ್ದು 500 ಟ್ರ್ಯಾಕ್ಟರ್. ಅದು ಮುರಿದುಬಿತ್ತು. 1962ರ ವಸಂತದಲ್ಲಿ ಕ್ಯೂಬಾದ ನ್ಯಾಯಾಲಯ ಅವರಿಗೆ 30 ವರ್ಷ ಸಜೆ, ಇಲ್ಲವೇ ಒಟ್ಟು 6 ಕೋಟಿ 20 ಲಕ್ಷ ಡಾಲರ್ ದಂಡ ಎಂದಿತು. ಜೇಮ್ಸ್ ಡೊನೊವನ್ ಎಂಬ ವಕೀಲರು ಚೌಕಾಸಿ ಮಾಡಿ ಅದನ್ನು 5 ಕೋಟಿ 30 ಲಕ್ಷ ಡಾಲರಿನ ಔಷಧಿ, ಆಹಾರ, ಮಕ್ಕಳ ಹಿಟ್ಟಿಗೆ ಇಳಿಸಿದರು. ಔಷಧ ಕಂಪನಿಗಳು ತೆರಿಗೆ ರಿಯಾಯಿತಿ ಪಡೆದು ಮಾಲು ಕೊಟ್ಟವು. ತೆರೆಯ ಹಿಂದೆ ಓಡಾಡಿದವರು ಅಟಾರ್ನಿ ಜನರಲ್ ಆಗಿದ್ದ ಅಧ್ಯಕ್ಷರ ತಮ್ಮ ರಾಬರ್ಟ್. ಡಿಸೆಂಬರ್ ಕೊನೆಗೆ ಸಾವಿರದ ನೂರಕ್ಕೂ ಹೆಚ್ಚು ಜನ ಮಯಾಮಿಗೆ ಬಂದಿಳಿದರು. ಕ್ಯಾಸ್ಟ್ರೋ ಅದನ್ನು ‘ಪರಿಹಾರ’ ಎಂದ. ವಾಷಿಂಗ್ಟನ್, ಇದು ಸರ್ಕಾರ ಕೊಟ್ಟದ್ದಲ್ಲ, ಸೆರೆಯಾಳುಗಳ ಮನೆಯವರ ಸಮಿತಿ ಮಾಡಿಕೊಂಡ ಖಾಸಗಿ ಒಪ್ಪಂದ ಎಂದಿತು.